ಓದುಗರ ಪ್ರಶ್ನೆ, ನಮ್ಮ ಉತ್ತರ: ಉಚಿತ ಸಾರ್ವಜನಿಕ ಉಪನ್ಯಾಸ ಏರ್ಪಡಿಸುವವರಿಗೆ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈ ಸಲ ಒಂದೇ ವಿಷಯ ಕುರಿತು ಹಲವು ಪತ್ರಗಳು ಬಂದಿವೆ. ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರದಂಥ ಮಾನವಿಕ ವಿಷಯಗಳನ್ನು ಜನರಿಗೆ ತಲುಪಿಸುವ ಅಲ್ಲಿನ ರಾಜ್ಯ ಹ್ಯುಮ್ಯಾನಿಟೀಸ್ ಕೌನ್ಸಿಲ್‌ಗಳು ಸ್ಪೀಕರ್ಸ್ ಬ್ಯೂರೋ (ಉಪನ್ಯಾಸಕರನ್ನು ಒದಗಿಸುವ ವ್ಯವಸ್ಥೆ) ಮೂಲಕ ಊರೂರಿಗೆ ಕಳುಹಿಸುವ ಉಪನ್ಯಾಸಕರನ್ನು ತಮ್ಮಲ್ಲಿಗೂ ಕರೆಸುವುದು ಹೇಗೆ ಎಂಬುದು ಅವುಗಳ ಒಟ್ಟು ಆಶಯ. ಆಯ್ದ ಪತ್ರಗಳನ್ನು ಸಂಕ್ಷೇಪಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಸಣ್ಣ ಕನ್ನಡ ಕೂಟ. ಊರಿನ ಗ್ರಂಥಾಲಯದಲ್ಲಿ ವಲಸೆಯ ಇತಿಹಾಸದ ಬಗ್ಗೆ ಒಳ್ಳೆಯ ಉಪನ್ಯಾಸವೊಂದನ್ನು ಕೇಳಿದೆವು. ಪ್ರವೇಶ ಉಚಿತವಾಗಿತ್ತು. ಉಪನ್ಯಾಸಕರನ್ನು ಸ್ಪೀಕರ್ಸ್ ಬ್ಯೂರೋ ಕಳುಹಿಸಿದೆ ಎಂದು ಗ್ರಂಥಪಾಲಕರು ಹೇಳಿದರು. ಇದರ ಖರ್ಚನ್ನು ಯಾರು ಹೊರುತ್ತಾರೆ? ನಮ್ಮಂಥವರು ಅರ್ಜಿ ಹಾಕಬಹುದೇ?
(ಕೂಟದ ಕಾರ್ಯದರ್ಶಿ, ಇಲಿನಾಯ್)

ಉತ್ತರ: ಖಂಡಿತ ಹಾಕಬಹುದು. ಆದರೆ ಹಣದ ದಾರಿ ಮೊದಲು ತಿಳಿದಿದ್ದರೆ ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳು ಏಕಿವೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಸೆಪ್ಟೆಂಬರ್ 29ರಂದು ಸಹಿ ಹಾಕಿದ ಕಾಯಿದೆಯಿಂದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಎಂಬ, ಮಾನವಿಕ ವಿಷಯಗಳಿಗೆ ಅನುದಾನ ಕೊಡುವ ಫೆಡರಲ್ (ಕೇಂದ್ರ ಸರ್ಕಾರದ) ಸಂಸ್ಥೆ ಹುಟ್ಟಿತು. ವಾಷಿಂಗ್ಟನ್‌ನಲ್ಲಿ ಕುಳಿತ ಒಂದು ಕಚೇರಿ ದೇಶದ ಪ್ರತಿ ಊರನ್ನೂ ತಲುಪಲಾರದಾದ್ದರಿಂದ, 1970ರ ದಶಕದ ಆರಂಭದಿಂದ ಒಂದೊಂದು ರಾಜ್ಯಕ್ಕೂ ಒಂದೊಂದು ಕೌನ್ಸಿಲ್ ರೂಪುಗೊಂಡಿತು. ರಾಜ್ಯಗಳು, ರಾಜಧಾನಿ ಪ್ರದೇಶ ಮತ್ತು ಪೋರ್ಟೊರಿಕೊ, ಗ್ವಾಮ್‌ನಂಥ ದ್ವೀಪ ಪ್ರದೇಶಗಳು ಸೇರಿ ಇಂದು ಇಂತಹ 56 ಕೌನ್ಸಿಲ್‌ಗಳಿವೆ. ಇವು ಸರ್ಕಾರಿ ಇಲಾಖೆಗಳಲ್ಲ. ಫೆಡರಲ್ ಅನುದಾನದ ಜೊತೆಗೆ ದೇಣಿಗೆ ಮತ್ತು ಬೇರೆ ನೆರವುಗಳಿಂದ ನಡೆಯುವ, ಲಾಭೋದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಗಳು. ಉಪನ್ಯಾಸಕರ ಗೌರವಧನ ಮತ್ತು ಪ್ರಯಾಣ ವೆಚ್ಚವನ್ನು ಸಾಮಾನ್ಯವಾಗಿ ಕೌನ್ಸಿಲ್ ಭರಿಸುತ್ತದೆ. ಆತಿಥ್ಯ ವಹಿಸುವ ಸಂಸ್ಥೆ ಕೆಲವು ರಾಜ್ಯಗಳಲ್ಲಿ ಒಂದು ಸಣ್ಣ ಶುಲ್ಕ ಕಟ್ಟಬೇಕಾಗುತ್ತದೆ, ಕೆಲವೆಡೆ ಅದೂ ಇಲ್ಲ.

ಕಾರ್ಯಕ್ರಮದ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಿಮ್ಮ ಇಲಿನಾಯ್‌ನಲ್ಲಿ ಅದು ರೋಡ್ ಸ್ಕಾಲರ್ಸ್, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹ್ಯುಮ್ಯಾನಿಟೀಸ್ ಟು ಗೋ, ಅರಿಜೋನಾದಲ್ಲಿ ಎಜೆಡ್ ಸ್ಪೀಕ್ಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಕ್ರಮ ಮಾತ್ರ ಬಹುತೇಕ ಒಂದೇ. ಕೌನ್ಸಿಲ್ ಪ್ರಕಟಿಸಿದ ಪಟ್ಟಿಯಿಂದ ಉಪನ್ಯಾಸವೊಂದನ್ನು ಆರಿಸಿಕೊಳ್ಳುವುದು, ಉಪನ್ಯಾಸಕರನ್ನು ನೀವೇ ಸಂಪರ್ಕಿಸಿ ದಿನ ಗೊತ್ತು ಮಾಡಿಕೊಳ್ಳುವುದು, ಆಮೇಲೆ ಅರ್ಜಿ ತುಂಬುವುದು. ಕಾರ್ಯಕ್ರಮಕ್ಕೆ ಆರರಿಂದ ಎಂಟು ವಾರ ಮೊದಲೇ ಅರ್ಜಿ ಸೇರುವಂತೆ ನೋಡಿಕೊಂಡರೆ ಕ್ಷೇಮ. ಒಪ್ಪಿಗೆ ಪತ್ರ ಕೈಸೇರುವ ಮುನ್ನ ಪ್ರಚಾರ ಆರಂಭಿಸಬೇಡಿ. ನಿಮ್ಮ ಕೂಟ ಲಾಭೋದ್ದೇಶವಿಲ್ಲದ ಸಂಸ್ಥೆಯೆಂದು ನೋಂದಣಿಯಾಗಿದ್ದರೆ ಅರ್ಹತೆಯ ತೊಡಕು ಬರಲಾರದು. ಆಗಿರದಿದ್ದರೆ ಅದೇ ಗ್ರಂಥಾಲಯವನ್ನು ಆತಿಥೇಯ ಸಂಸ್ಥೆಯನ್ನಾಗಿಸಿ ನೀವು ಸಹಯೋಗಿಗಳಾಗಿ ನಿಲ್ಲಬಹುದು. ನೋಂದಣಿ ಇದ್ದರೂ ನಾನು ಈ ಎರಡನೆಯ ದಾರಿಯನ್ನೇ ಸೂಚಿಸುತ್ತೇನೆ. ಗ್ರಂಥಾಲಯಕ್ಕೆ ತನ್ನದೇ ಆದ ಓದುಗರಿರುತ್ತಾರೆ, ನಿಮ್ಮ ಕೂಟಕ್ಕೆ ನಿಮ್ಮ ಸದಸ್ಯರಿರುತ್ತಾರೆ. ಈ ಇಬ್ಬರು ಒಂದೇ ಕೋಣೆಯಲ್ಲಿ ಕುಳಿತು ಒಂದೇ ಮಾತನ್ನು ಕೇಳುವಂತಾದರೆ ಮಾತ್ರ ಇಂತಹ ಕಾರ್ಯಕ್ರಮಕ್ಕೆ ಅರ್ಥ ಬರುತ್ತದೆ.

ಪ್ರಶ್ನೆ: ಯುಗಾದಿ ಸಮಾರಂಭಕ್ಕೆ ನಾವು ಟಿಕೆಟ್ ಇಡುತ್ತೇವೆ. ಆ ದಿನವೇ ಮಧ್ಯಾಹ್ನ ಬ್ಯೂರೋದ ಉಪನ್ಯಾಸವನ್ನೂ ಸೇರಿಸಿದರೆ ಜನ ಹೇಗೂ ಇರುತ್ತಾರೆ. ಹೀಗೆ ಮಾಡಬಹುದೇ?
(ಟೆಕ್ಸಾಸ್)

ಉತ್ತರ: ಟಿಕೆಟ್ ಕೊಂಡವರಿಗಷ್ಟೇ ಬಾಗಿಲು ತೆರೆಯುವುದಾದರೆ ಆಗದು. ಉಪನ್ಯಾಸ ಉಚಿತವಾಗಿರಬೇಕು ಮತ್ತು ಯಾರು ಬೇಕಾದರೂ ಬಂದು ಕೂರುವಂತಿರಬೇಕು ಎಂಬುದು ಇಂತಹ ಯೋಜನೆಗಳ ಮೂಲ ಷರತ್ತು. ನಿಧಿ ಸಂಗ್ರಹಕ್ಕಾಗಲಿ, ಚುನಾವಣಾ ಪ್ರಚಾರಕ್ಕಾಗಲಿ, ಮತಪ್ರಚಾರಕ್ಕಾಗಲಿ ಈ ವೇದಿಕೆಯನ್ನು ಬಳಸುವಂತಿಲ್ಲ. ಬೇರೊಂದು ದಿನ, ಬೇರೊಂದು ಜಾಗದಲ್ಲಿ ಏರ್ಪಡಿಸಿ.

ಪ್ರಶ್ನೆ: ಪಟ್ಟಿಯಲ್ಲಿ ಭಾರತಕ್ಕೆ ಸಂಬಂಧಿಸಿದ ವಿಷಯಗಳೇ ಕಡಿಮೆ. ನಮ್ಮವರಿಗೆ ಆಸಕ್ತಿ ಹುಟ್ಟಿಸುವುದನ್ನು ಆರಿಸುವುದು ಹೇಗೆ? ಕನ್ನಡದಲ್ಲೇ ಉಪನ್ಯಾಸ ಮಾಡಿಸಲು ಅವಕಾಶವಿದೆಯೇ?
(ನ್ಯೂ ಜೆರ್ಸಿ)

ಉತ್ತರ: ನಮ್ಮವರಿಗೆ ಎಂಬ ಮಾತನ್ನು ಸ್ವಲ್ಪ ಹಿಗ್ಗಿಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಆ 1965ರ ಕಾಯಿದೆಯಲ್ಲಿ ಮಾನವಿಕಗಳ ವ್ಯಾಪ್ತಿಯನ್ನು ವಿವರಿಸುವ ಭಾಗ ತುಂಬ ಉದಾರವಾಗಿದೆ. ಭಾಷೆ, ಭಾಷಾಶಾಸ್ತ್ರ, ಸಾಹಿತ್ಯ, ಇತಿಹಾಸ, ನ್ಯಾಯಶಾಸ್ತ್ರ, ತತ್ತ್ವಶಾಸ್ತ್ರ, ಪುರಾತತ್ತ್ವ, ಧರ್ಮಗಳ ತೌಲನಿಕ ಅಧ್ಯಯನ, ನೀತಿಶಾಸ್ತ್ರ, ಕಲೆಗಳ ಇತಿಹಾಸ ಮತ್ತು ವಿಮರ್ಶೆ ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಶೀರ್ಷಿಕೆಯಲ್ಲಿ ಭಾರತ ಎಂಬ ಹೆಸರನ್ನು ಹುಡುಕುವ ಬದಲು ನಿಮ್ಮ ಬೀದಿಯ ಜನರಿಗೂ ನಿಮಗೂ ಒಟ್ಟಾಗಿ ತಟ್ಟುವ ಪ್ರಶ್ನೆ ಯಾವುದೆಂದು ಹುಡುಕಿ. ಮನೆಮಾತು ಮೂರನೆಯ ತಲೆಮಾರಿಗೆ ಏಕೆ ಉಳಿಯುವುದಿಲ್ಲ ಎಂಬ ಪ್ರಶ್ನೆ ಕನ್ನಡಿಗರದು ಮಾತ್ರವಲ್ಲ, ಇಟಾಲಿಯನ್ನರ, ಪೋಲಿಷ್ ಜನರ ಮೊಮ್ಮಕ್ಕಳದೂ ಹೌದು. ಪೌರತ್ವದ ವಿಷಯವನ್ನೇ ತೆಗೆದುಕೊಂಡರೆ, ಭಾರತದಿಂದ ಬಂದವರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಆ ಬಾಗಿಲು ಮತ್ತೆ ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯಿದೆಯಿಂದ. ವಲಸೆ ಕಾನೂನಿನ ಇತಿಹಾಸ ಹೇಳುವ ಉಪನ್ಯಾಸಕರು ನಿಮ್ಮ ಪಟ್ಟಿಯಲ್ಲಿದ್ದರೆ, ಈ ಪ್ರಕರಣವನ್ನೂ ಪ್ರಸ್ತಾಪಿಸಬಹುದೇ ಎಂದು ಮೊದಲ ಪತ್ರದಲ್ಲೇ ವಿನಯದಿಂದ ಕೇಳಿ. ಸಭೆಯಲ್ಲಿ ಯಾರಿರುತ್ತಾರೆ ಎಂದು ಮುಂಚಿತವಾಗಿ ತಿಳಿದರೆ ಒಳ್ಳೆಯ ಉಪನ್ಯಾಸಕರು ಅದಕ್ಕೆ ತಕ್ಕಂತೆ ಸಿದ್ಧರಾಗಿ ಬರುತ್ತಾರೆ.

ಪಟ್ಟಿಯಲ್ಲಿರುವುದು ಬಹುಪಾಲು ಇಂಗ್ಲಿಷ್ ಉಪನ್ಯಾಸಗಳೇ. ಕನ್ನಡದಲ್ಲಿ ಮಾಡಿಸಬೇಕೆಂದಿದ್ದರೆ ಬ್ಯೂರೋದ ಬದಲು ಕೌನ್ಸಿಲ್ಲಿನ ಸಣ್ಣ ಅನುದಾನಗಳಿಗೆ ಅರ್ಜಿ ಹಾಕುವುದು ಸರಿಯಾದ ದಾರಿ. ಅಲ್ಲಿಯೂ ಕನ್ನಡ ಬಾರದವರು ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಎದುರಾಗಬಹುದು. ಸಾರಾಂಶದ ಇಂಗ್ಲಿಷ್ ಪ್ರತಿ ಹಂಚುವುದೋ, ಪಕ್ಕದಲ್ಲಿ ಅನುವಾದಕರನ್ನು ನಿಲ್ಲಿಸುವುದೋ, ಏನಾದರೊಂದನ್ನು ಯೋಚಿಸಿಟ್ಟುಕೊಂಡು ಅರ್ಜಿಯಲ್ಲೇ ಬರೆಯಿರಿ.

ಪ್ರಶ್ನೆ: ನಾನು ಗ್ರಾಮೀಣ ಭಾಗದ ಗ್ರಂಥಾಲಯವೊಂದರಲ್ಲಿ ಸ್ವಯಂಸೇವಕಿ. ಬಹಳ ದೂರದಿಂದ ಬಂದ ಉಪನ್ಯಾಸಕರ ಎದುರು ಬೆರಳೆಣಿಕೆಯಷ್ಟು ಜನ ಕುಳಿತಿದ್ದನ್ನು ಕಂಡು ನಾಚಿಕೆಯಾಯಿತು. ಜನರನ್ನು ಸೇರಿಸುವುದು ಹೇಗೆ? ಕೊನೆಯಲ್ಲಿ ಒಬ್ಬರೇ ಎದ್ದು ನಿಂತು ದೀರ್ಘ ಭಾಷಣ ಮಾಡಿದ್ದರಿಂದ ಉಳಿದವರು ಬೇಸರಗೊಂಡು ಹೊರಟರು. ಅದಕ್ಕೇನು ಮಾಡಬೇಕು?
(ಕಾನ್ಸಾಸ್)

ಉತ್ತರ: ಜನ ಕಡಿಮೆ ಬಂದದ್ದಕ್ಕೆ ನೀವು ನಾಚಬೇಕಾಗಿಲ್ಲ. ಬಂದವರು ಮನಸ್ಸಿಟ್ಟು ಕೇಳಿದ್ದರೆ ಉಪನ್ಯಾಸಕರು ತೃಪ್ತಿಯಿಂದಲೇ ಮರಳಿರುತ್ತಾರೆ. ಆದರೂ ಪ್ರಚಾರದಲ್ಲಿ ಸಾಮಾನ್ಯವಾಗಿ ಆಗುವ ಲೋಪವೊಂದಿದೆ. ಗ್ರಂಥಾಲಯದ ಭಿತ್ತಿಪತ್ರ ಗ್ರಂಥಾಲಯದ ಗೋಡೆಯ ಮೇಲೇ ಉಳಿದುಬಿಡುತ್ತದೆ. ಅದನ್ನು ಓದುವವರು ಹೇಗೂ ಅಲ್ಲಿಗೆ ಬರುವವರೇ. ಉಪನ್ಯಾಸದ ವಿಷಯದಲ್ಲಿ ಮೊದಲೇ ಆಸಕ್ತಿಯುಳ್ಳ ಗುಂಪು ಊರಿನಲ್ಲಿ ಯಾವುದಿದೆ ಎಂದು ಯೋಚಿಸಿ ಅವರಿಗೆ ನೇರವಾಗಿ ಹೇಳಿಕಳುಹಿಸಿ. ರೈಲುಮಾರ್ಗದ ಇತಿಹಾಸವಾದರೆ ನಿವೃತ್ತ ರೈಲ್ವೆ ನೌಕರರು, ಜಾನಪದ ಸಂಗೀತವಾದರೆ ಚರ್ಚಿನ ಗಾಯಕವೃಂದ, ಕೃಷಿಯ ಕಥೆಯಾದರೆ ರೈತರ ಸಹಕಾರ ಸಂಘ. ದೂರವಾಣಿಯಲ್ಲಿ ಹೆಸರು ಹಿಡಿದು ಒಬ್ಬರನ್ನು ಕರೆದರೆ ಅವರು ಇನ್ನೊಬ್ಬರನ್ನು ಜೊತೆಗೆ ತಂದೇ ತರುತ್ತಾರೆ. ಭಿತ್ತಿಪತ್ರದಲ್ಲಿ ಉಪನ್ಯಾಸಕರ ಪದವಿಗಳನ್ನು ದೊಡ್ಡಕ್ಷರದಲ್ಲಿ ಹಾಕುವ ಬದಲು ದಿನ, ಹೊತ್ತು, ಸ್ಥಳ ಮತ್ತು ‘ಉಚಿತ, ಎಲ್ಲರಿಗೂ ಸ್ವಾಗತ’ ಎಂಬ ಸಾಲನ್ನು ದೊಡ್ಡದಾಗಿ ಹಾಕಿ. ತಮ್ಮಂಥವರಿಗೆ ಅಲ್ಲಿ ಪ್ರವೇಶವಿದೆಯೋ ಇಲ್ಲವೋ ಎಂಬ ಅಳುಕಿನಿಂದಲೇ ಎಷ್ಟೋ ಜನ ಬಾಗಿಲವರೆಗೆ ಬಂದು ಹಿಂದಿರುಗುತ್ತಾರೆ.

ಸಭೆಯ ದಿನ ಒಂದು ಗಂಟೆ ಮುಂಚೆ ಹೋಗಿ ಧ್ವನಿವರ್ಧಕವನ್ನು ಪರೀಕ್ಷಿಸಿ. ‘ನನಗೆ ಮೈಕ್ ಬೇಡ, ನನ್ನ ದನಿ ದೊಡ್ಡದು’ ಎಂದು ಹೇಳುವ ಉಪನ್ಯಾಸಕರು ಬಹಳ ಮಂದಿ. ಹಿಂದಿನ ಸಾಲಿನಲ್ಲಿ ಶ್ರವಣ ಸಾಧನ ಹಾಕಿಕೊಂಡು ಕುಳಿತ ಅಜ್ಜಿಯೊಬ್ಬರು ಕೈಯನ್ನು ಕಿವಿಗೆ ಆನಿಸಿ, ಕೊರಳು ಮುಂದೆ ಚಾಚಿ, ಸ್ವಲ್ಪ ಹೊತ್ತಿನ ನಂತರ ಸೋತು ಕೈಚೀಲ ಎತ್ತಿಕೊಳ್ಳುವುದು ವೇದಿಕೆಯ ಮೇಲಿನವರಿಗೆ ಕಾಣಿಸುವುದಿಲ್ಲ. ಆದ್ದರಿಂದ ಮೈಕ್ ಬೇಕೇ ಎಂದು ಕೇಳಬೇಡಿ, ಅದನ್ನು ಅವರ ಅಂಗಿಗೆ ಸಿಕ್ಕಿಸಿಬಿಡಿ. ಗಾಲಿಕುರ್ಚಿ ಬಾಗಿಲಿನಿಂದ ಮೊದಲ ಸಾಲಿನವರೆಗೆ ಸರಾಗವಾಗಿ ಸಾಗುತ್ತದೆಯೇ ಎಂಬುದನ್ನೂ ನೋಡಿ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಕೇಳುತ್ತದೆ, ಕೇಳದಿದ್ದರೂ ನಾವು ಮಾಡಬೇಕಾದದ್ದೇ.

ಇನ್ನು ಆ ದೀರ್ಘ ಭಾಷಣದ ವಿಷಯ. ಪ್ರಶ್ನೋತ್ತರವನ್ನು ಉಪನ್ಯಾಸಕರ ಪಾಲಿಗೆ ಬಿಡಬೇಡಿ, ಅತಿಥಿಯಾದವರು ಯಾರ ಮಾತನ್ನೂ ತಡೆಯಲಾರರು. ಊರಿನವರೇ ಆದ, ಜನರ ಗೌರವ ಗಳಿಸಿದ ಒಬ್ಬ ನಿರೂಪಕರು ಇರಲಿ. ಆರಂಭದಲ್ಲೇ ಅವರು ‘ಒಬ್ಬರಿಗೆ ಒಂದು ಪ್ರಶ್ನೆ, ಒಂದು ನಿಮಿಷದೊಳಗೆ’ ಎಂದು ಹೇಳಿಬಿಡಲಿ ಮತ್ತು ಮೈಕನ್ನು ತಾವೇ ಹಿಡಿದು ಪ್ರಶ್ನೆ ಕೇಳುವವರ ಬಳಿಗೆ ಹೋಗಲಿ. ಕೈಯಿಂದ ಕೈಗೆ ದಾಟುವ ಮೈಕ್ ಒಮ್ಮೆ ಹೋದರೆ ಮರಳಿ ಬರುವುದು ಕಷ್ಟ. ಮಾತು ಬೆಳೆಯತೊಡಗಿದಾಗ, ಉಸಿರು ತೆಗೆದುಕೊಳ್ಳುವ ಸಂದು ನೋಡಿ, ‘ಹಾಗಾದರೆ ನಿಮ್ಮ ಪ್ರಶ್ನೆ ಹೀಗಿದೆ’ ಎಂದು ಅವರ ಮಾತಿನ ಸಾರವನ್ನು ನಿರೂಪಕರೇ ಪ್ರಶ್ನೆಯಾಗಿ ತಿರುಗಿಸಿ ಉಪನ್ಯಾಸಕರಿಗೆ ಒಪ್ಪಿಸಿದರೆ ಯಾರ ಮುಖವೂ ಕೆಡುವುದಿಲ್ಲ. ಪ್ರಶ್ನೆಯನ್ನು ಎಲ್ಲರಿಗೂ ಕೇಳಿಸುವಂತೆ ಮತ್ತೊಮ್ಮೆ ಹೇಳಿದಂತೆಯೂ ಆಗುತ್ತದೆ. ಇಂತಹ ಸಭೆಯಲ್ಲಿ ಪ್ರಶ್ನೋತ್ತರಕ್ಕೆ ಉಪನ್ಯಾಸದಷ್ಟೇ ಬೆಲೆಯಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಬದುಕಿಯೂ ಮಾತನಾಡದ ಇಬ್ಬರು, ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಜಾಗ ಅದು.

ಪ್ರಶ್ನೆ: ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ಜನ ಬಂದರು, ಸ್ವಯಂಸೇವಕರು ಎಷ್ಟು ಗಂಟೆ ದುಡಿದರು, ಸಭಾಂಗಣದ ಬಾಡಿಗೆ ಎಷ್ಟಾಗಬಹುದಿತ್ತು ಎಂದೆಲ್ಲ ವರದಿ ಕೇಳುತ್ತಾರೆ. ಹಣವನ್ನೇ ಪಡೆಯದ ನಮಗೆ ಈ ಲೆಕ್ಕವೇಕೆ?
(ಕೆಂಟಕಿ)

ಉತ್ತರ: ಫೆಡರಲ್ ಅನುದಾನದ ಪ್ರತಿ ಡಾಲರಿಗೆ ಎದುರಾಗಿ ಕೌನ್ಸಿಲ್ ಇನ್ನೊಂದು ಡಾಲರಿನಷ್ಟು ಸ್ಥಳೀಯ ಕೊಡುಗೆಯನ್ನು ತೋರಿಸಬೇಕಾಗುತ್ತದೆ. ಆ ಕೊಡುಗೆ ನಗದೇ ಆಗಬೇಕೆಂದಿಲ್ಲ. ನೀವು ಕುರ್ಚಿ ಜೋಡಿಸಿದ ಹೊತ್ತು, ಬಾಡಿಗೆಯಿಲ್ಲದೆ ದೊರೆತ ಸಭಾಂಗಣ ಇವೆಲ್ಲಕ್ಕೂ ಬೆಲೆ ಕಟ್ಟಿ ಅದರಲ್ಲಿ ಸೇರಿಸಿಕೊಳ್ಳಬಹುದು. ನಿಮ್ಮ ವರದಿ ಬರದಿದ್ದರೆ ಆ ದುಡಿಮೆ ಲೆಕ್ಕಕ್ಕೇ ಸಿಗುವುದಿಲ್ಲ. ಅಂದೇ ರಾತ್ರಿ ಬರೆದು ಕಳುಹಿಸಿಬಿಡಿ.

ಪ್ರಶ್ನೆ: ಸರ್ಕಾರ ಹಣ ನಿಲ್ಲಿಸಿತೆಂದು ಓದಿದೆವು. ಇನ್ನು ಈ ಕಾರ್ಯಕ್ರಮಗಳನ್ನು ನಂಬಿ ಯೋಜನೆ ಹಾಕಿಕೊಳ್ಳಬಹುದೇ?
(ಒರೆಗಾನ್)

ಉತ್ತರ: ನೀವು ಓದಿದ್ದು ನಿಜ. 2025ರ ಏಪ್ರಿಲ್‌ನಲ್ಲಿ ಕೌನ್ಸಿಲ್‌ಗಳಿಗೆ ಮಂಜೂರಾಗಿದ್ದ ಫೆಡರಲ್ ಅನುದಾನವನ್ನು ನಡುವೆಯೇ ರದ್ದು ಮಾಡಲಾಯಿತು. ಅದೇ ತಿಂಗಳ ಕೊನೆಯಲ್ಲಿ ಮೆಲನ್ ಫೌಂಡೇಶನ್ ಎಂಬ ಖಾಸಗಿ ದತ್ತಿ ಸಂಸ್ಥೆ ಅವುಗಳಿಗೆ ಒಟ್ಟು 1.5 ಕೋಟಿ ಡಾಲರುಗಳ ತುರ್ತು ನೆರವನ್ನು ಪ್ರಕಟಿಸಿತು. ನಿಮ್ಮ ರಾಜ್ಯದ ಕೌನ್ಸಿಲ್ ಮತ್ತು ಕೌನ್ಸಿಲ್‌ಗಳ ಒಕ್ಕೂಟ ಹೂಡಿದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ ಆ ವರ್ಷದ ಆಗಸ್ಟ್‌ನಲ್ಲಿ ಅವರ ಪರವಾಗಿ ಮಧ್ಯಂತರ ಆದೇಶ ನೀಡಿತು. ಇಷ್ಟಾದರೂ ಮೊದಲಿನ ಭರವಸೆ ಈಗ ಉಳಿದಿಲ್ಲ. ಒಂದು ಋತುವಿಗೆ ಒಪ್ಪಿಗೆ ಸಿಕ್ಕಿತೆಂದು ಮುಂದಿನ ಋತುವಿಗೂ ಸಿಗುತ್ತದೆಂದು ಭಾವಿಸದೆ, ಪ್ರತಿ ಸಲ ಕೌನ್ಸಿಲ್ಲಿನ ಸಿಬ್ಬಂದಿಯನ್ನು ಕೇಳಿಯೇ ದಿನ ಗೊತ್ತು ಮಾಡಿ.

ಸಾರ್ವಜನಿಕ ಉಪನ್ಯಾಸದ ಪರಂಪರೆ ಈ ಅನುದಾನಕ್ಕಿಂತ ಬಹಳ ಹಳೆಯದು ಎಂಬುದನ್ನೂ ಮರೆಯಬಾರದು. ಜೊಸಾಯಾ ಹಾಲ್‌ಬ್ರೂಕ್ ಮ್ಯಾಸಚೂಸೆಟ್ಸ್‌ನ ಮಿಲ್‌ಬರಿಯಲ್ಲಿ 1826ರಲ್ಲಿ ಆರಂಭಿಸಿದ ಲೈಸಿಯಂ ಊರಿನವರೇ ಒಬ್ಬರಿಗೊಬ್ಬರು ಕಲಿಸುವ ಕೂಟವಾಗಿತ್ತು. ಜೇಮ್ಸ್ ರೆಡ್‌ಪಾತ್ 1868ರಲ್ಲಿ ಬಾಸ್ಟನ್‌ನಲ್ಲಿ ಉಪನ್ಯಾಸಕರ ಬ್ಯೂರೋ ತೆರೆದಾಗ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಸಾಹಿತಿ ಮಾರ್ಕ್ ಟ್ವೇನ್ ಅಂಥವರು ಅದರ ಪಟ್ಟಿಯಲ್ಲಿದ್ದರು, ಅವನು ಅವರ ಸಂಭಾವನೆಯಲ್ಲಿ ಶೇ. 10ರಷ್ಟು ಪಡೆಯುತ್ತಿದ್ದ. ಆಗ ಕೇಳುಗರು ಹಣ ತೆರಬೇಕಿತ್ತು. ಯಾರೂ ತೆರಬೇಕಾಗಿಲ್ಲ ಎಂಬ ಈಗಿನ ಏರ್ಪಾಡು ಸುಲಭವಾಗಿ ಬಂದದ್ದಲ್ಲ, ಆದ್ದರಿಂದಲೇ ಅದನ್ನು ಕೈಬಿಡಬಾರದು ಎನ್ನುತ್ತೇನೆ. ನಿಮ್ಮ ಕಾರ್ಯಕ್ರಮದಿಂದ ಊರಿಗೆ ಏನು ದೊರೆಯಿತು ಎಂದು ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರಿಗೆ ಪತ್ರ ಬರೆಯಿರಿ. ಆ ಸಭೆಗೆ ಅವರ ಕಚೇರಿಯವರನ್ನೂ ಆಹ್ವಾನಿಸಿ.

ಪ್ರಶ್ನೆ: ನಾನು ನಿವೃತ್ತ ಪ್ರಾಧ್ಯಾಪಕಿ. ಬ್ಯೂರೋದ ಉಪನ್ಯಾಸಕರ ಪಟ್ಟಿಗೆ ಸೇರಲು ಏನು ಮಾಡಬೇಕು?
(ವಾಷಿಂಗ್ಟನ್ ರಾಜ್ಯ)

ಉತ್ತರ: ಕೌನ್ಸಿಲ್‌ಗಳು ಪಟ್ಟಿಯನ್ನು ಆಗಾಗ ಹೊಸದಾಗಿ ರಚಿಸುತ್ತವೆ. ಅರ್ಜಿ ಕರೆದಾಗ ಉಪನ್ಯಾಸದ ವಿವರಣೆ, ನಿಮ್ಮ ಪರಿಚಯ ಮತ್ತು ನೀವು ಮಾತನಾಡಿರುವ ದೃಶ್ಯಮುದ್ರಿಕೆಯನ್ನು ಕೇಳುವುದು ವಾಡಿಕೆ. ಪದವಿ ಇದ್ದಮಾತ್ರಕ್ಕೆ ಆಯ್ಕೆಯಾಗುವುದಿಲ್ಲ, ವಿದ್ವತ್ತಿನ ಜೊತೆಗೆ ಆ ವಿಷಯವನ್ನು ಹೊಸದಾಗಿ ಕೇಳುವವರನ್ನೂ ಹಿಡಿದಿಡುವ ಶಕ್ತಿ ಇದೆಯೇ ಎಂದು ನೋಡುತ್ತಾರೆ. ತರಗತಿಯ ಪಾಠವನ್ನು ಹಾಗೆಯೇ ಒಯ್ಯಬೇಡಿ. ಮುಕ್ಕಾಲು ಗಂಟೆಯಲ್ಲಿ ಮುಗಿಯುವಂತೆ ಒಂದೇ ಪ್ರಶ್ನೆಯ ಸುತ್ತ ಉಪನ್ಯಾಸ ಕಟ್ಟಿ, ಅರ್ಜಿ ಹಾಕುವ ಮೊದಲು ನಿಮ್ಮೂರಿನ ಗ್ರಂಥಾಲಯದಲ್ಲೋ ಹಿರಿಯರ ಕೇಂದ್ರದಲ್ಲೋ ಒಮ್ಮೆ ಮಾತನಾಡಿ. ದೃಶ್ಯಮುದ್ರಿಕೆಯನ್ನು ಅಲ್ಲಿಯೇ ಮಾಡಿಸಿಕೊಳ್ಳಿ, ಸಭಿಕರ ಪ್ರಶ್ನೆಗಳಿಗೆ ನೀವು ಉತ್ತರಿಸುವ ಭಾಗವೂ ಅದರಲ್ಲಿರಲಿ.