ದೀನಳ ಬಾಯಿಗೆ ಮಾತು ಕೊಟ್ಟದ್ದು ತಪ್ಪೇ?

ಪ್ರಿಯ ಟೀಚರ್,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಗಾಗಿ ನಿಮ್ಮ ಸಂಡೆ ಸ್ಕೂಲಿನ ಮಕ್ಕಳು ಕರೆಯುವಂತೆ ಟೀಚರ್ ಎಂದೇ ಕರೆಯುತ್ತೇನೆ. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸ್ವಲ್ಪ ನೋವಾಯಿತು. ಮೂರನೇ ಸಲ ಓದುವಾಗ, ಅದರಲ್ಲಿನ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅನ್ನಿಸಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಹೋದ ತಿಂಗಳು ಅಮೆರಿಕದ ಲೇಖಕಿ ಅನಿತಾ ಡಯಮಂಟ್ ಅವರ ‘ದಿ ರೆಡ್ ಟೆಂಟ್’ ಕಾದಂಬರಿಯ ಪರಿಚಯ ಹಾಕಿದ್ದೆವು. 1997ರಲ್ಲಿ ಬಂದ ಪುಸ್ತಕ ಅದು. ಬೈಬಲಿನ ಯಾಕೋಬನ ಮಗಳು ದೀನ ತನ್ನ ಕಥೆಯನ್ನು ತಾನೇ ಹೇಳುವಂತೆ ಬರೆದದ್ದು. ಅದನ್ನು ಓದಿ ಟೀಚರ್ ಕೇಳಿದ್ದು ಇಷ್ಟು: ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಲ್ಲದ್ದನ್ನು ಸೇರಿಸಲು ಇವರು ಯಾರು? ಯಾಕೋಬ ಮತ್ತು ಅವನ ಗಂಡುಮಕ್ಕಳಂಥ ನಮ್ಮ ಪಿತೃಗಳನ್ನು ಕ್ರೂರಿಗಳ ಹಾಗೆ ಯಾಕೆ ತೋರಿಸಬೇಕು? ನಿಮ್ಮ ಪತ್ರಿಕೆಯ ಹೆಚ್ಚಿನ ಓದುಗರು ಸತ್ಯವೇದ ಓದಿದವರಲ್ಲ, ಅವರಿಗೆ ದೀನ ಅಂದರೆ ಇನ್ನು ಈ ಕಾದಂಬರಿಯ ದೀನ ಮಾತ್ರ ಅಲ್ವಾ?

ಉತ್ತರ ಇಲ್ಲ ಎಂದೆನಲ್ಲ, ಅದು ಈ ಕೊನೆಯ ಪ್ರಶ್ನೆಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾವು ಅವತ್ತೇ ಮಾಡಬೇಕಿದ್ದ ಕೆಲಸ ಮಾಡುತ್ತೇನೆ. ಮೂಲದಲ್ಲಿ ಏನಿದೆ ಎಂದು ಹೇಳುತ್ತೇನೆ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 34ನೇ ಅಧ್ಯಾಯ. ಒಟ್ಟು 31 ವಚನ. ಯಾಕೋಬನ ಹೆಂಡತಿ ಲೇಯಳ ಮಗಳು ದೀನ ಆ ನಾಡಿನ ಹುಡುಗಿಯರನ್ನು ನೋಡಲು ಹೊರಗೆ ಹೋಗುತ್ತಾಳೆ. ಅಲ್ಲಿನ ಒಡೆಯ ಹಮೋರನ ಮಗ ಶೆಕೆಮ ಅವಳನ್ನು ಕಾಣುತ್ತಾನೆ, ಹಿಡಿಯುತ್ತಾನೆ, ಕೆಡಿಸುತ್ತಾನೆ. ಆಮೇಲೆ ಅವಳ ಮೇಲೆ ಮನಸ್ಸಿಟ್ಟು, ಮದುವೆ ಮಾಡಿಸು ಎಂದು ಅಪ್ಪನನ್ನು ಕೇಳುತ್ತಾನೆ. ವಿಷಯ ಗೊತ್ತಾದರೂ ಯಾಕೋಬ ಗಂಡುಮಕ್ಕಳು ಹೊಲದಿಂದ ಬರುವವರೆಗೆ ಸುಮ್ಮನಿರುತ್ತಾನೆ. ಊರಿನ ಗಂಡಸರೆಲ್ಲ ಸುನ್ನತಿ ಮಾಡಿಸಿಕೊಂಡರೆ ಹೆಣ್ಣು ಕೊಡುತ್ತೇವೆ ಎಂದು ಅಣ್ಣಂದಿರು ಮೋಸದ ಮಾತಾಡುತ್ತಾರೆ. ಮೂರನೇ ದಿನ, ಅವರೆಲ್ಲ ನೋವಿನಲ್ಲಿ ಮಲಗಿದ್ದಾಗ, ಸಿಮೆಯೋನ ಮತ್ತು ಲೇವಿ ಕತ್ತಿ ಹಿಡಿದು ಹೋಗಿ ಊರಿನ ಗಂಡಸರನ್ನೆಲ್ಲ ಕೊಲ್ಲುತ್ತಾರೆ. ಶೆಕೆಮನ ಮನೆಯಿಂದ ತಂಗಿಯನ್ನು ಕರೆತರುತ್ತಾರೆ. ಅವಳು ಅಷ್ಟು ದಿನವೂ ಅವನ ಮನೆಯಲ್ಲೇ ಇದ್ದಳು ಎಂಬುದು ನಮಗೆ ತಿಳಿಯುವುದೇ 26ನೇ ವಚನದಲ್ಲಿ. ಅಪ್ಪ ಬೈಯುತ್ತಾನೆ, ಅಣ್ಣಂದಿರು ತಿರುಗಿ ಕೇಳುತ್ತಾರೆ. ಅಧ್ಯಾಯ ಮುಗಿಯುತ್ತದೆ.

ಇಷ್ಟರಲ್ಲಿ ಶೆಕೆಮ, ಹಮೋರ, ಯಾಕೋಬ, ಅಣ್ಣಂದಿರು ಎಲ್ಲರೂ ಮಾತಾಡುತ್ತಾರೆ. ದೀನ ಒಂದು ಮಾತೂ ಆಡುವುದಿಲ್ಲ. ಆಮೇಲೆ 46ನೇ ಅಧ್ಯಾಯದಲ್ಲಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋದ ಮನೆಯವರ ಪಟ್ಟಿಯಲ್ಲಿ ಅವಳ ಹೆಸರು ಒಂದು ಸಲ ಬರುತ್ತದೆ, ಅಷ್ಟೆ. ಆ ಹೆಸರಿನ ಬಗ್ಗೆಯೂ ಒಂದು ಮಾತು. ಕನ್ನಡದ ಕಿವಿಗೆ ‘ದೀನ’ ಅಂದರೆ ಪಾಪ, ದಿಕ್ಕಿಲ್ಲದವಳು ಅನ್ನಿಸುತ್ತದೆ. ಹೀಬ್ರೂವಿನಲ್ಲಿ ಆ ಹೆಸರು ನ್ಯಾಯ, ತೀರ್ಪು ಎಂಬ ಅರ್ಥದ ಮಾತಿಗೆ ಸೇರಿದ್ದು. ಇದು ಗೊತ್ತಾದ ದಿನ ನಾನು ತುಂಬಾ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಬೈಬಲಿನ ಹೆಂಗಸರೆಲ್ಲ ಹೀಗೆ ಸುಮ್ಮನಿದ್ದವರೇನಲ್ಲ, ನಿಮಗೆ ಚೆನ್ನಾಗಿ ಗೊತ್ತು. ದಾವೀದನ ಮಗಳು ತಾಮಾರಳಿಗೂ ಇದೇ ಗತಿಯಾಯಿತು. ಆದರೆ ಅವಳು ಕೆಡಿಸಲು ಬಂದ ಮಲಅಣ್ಣ ಅಮ್ನೋನನಿಗೆ ಬೇಡ ಎನ್ನುತ್ತಾಳೆ, ವಾದ ಮಾಡುತ್ತಾಳೆ, ಈ ಅವಮಾನ ಹೊತ್ತು ನಾನು ಎಲ್ಲಿಗೆ ಹೋಗಲಿ ಎಂದು ಕೇಳುತ್ತಾಳೆ. ಅಬ್ರಹಾಮನ ಮನೆಯ ದಾಸಿ ಹಾಗರಳು ಅಡವಿಯಲ್ಲಿ ದೇವರಿಗೇ ಹೆಸರಿಡುತ್ತಾಳೆ. ಅವರ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ದೀನಳ ಮೌನ ಅಷ್ಟು ದೊಡ್ಡದಾಗಿ ಕೇಳುವುದು.

ಈಗ ನಿಮ್ಮ ಮೊದಲ ಪ್ರಶ್ನೆ. ಸೇರಿಸಲು ಇವರು ಯಾರು? ಟೀಚರ್, ಸೇರಿಸಿದವರಲ್ಲಿ ಡಯಮಂಟ್ ಮೊದಲಿನವರಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಜೂಬಿಲೀಸ್ ಎಂಬ ಯೆಹೂದಿ ಗ್ರಂಥ ದೀನಳಿಗೆ ಆಗ 12 ವರ್ಷ ಎನ್ನುತ್ತದೆ. ಮೂಲದಲ್ಲಿ ವಯಸ್ಸಿಲ್ಲ. ಅಣ್ಣಂದಿರು ಮಾಡಿದ ಕೊಲೆಯನ್ನು ಪರಲೋಕವೇ ಮೆಚ್ಚಿತು ಎಂದೂ ಅದು ಹೇಳುತ್ತದೆ. ಆದರೆ ಆದಿಕಾಂಡದ 49ನೇ ಅಧ್ಯಾಯದಲ್ಲಿ ಯಾಕೋಬ ಸಾಯುವ ಹೊತ್ತಿಗೆ ಅದೇ ಮಕ್ಕಳ ಸಿಟ್ಟನ್ನು ಶಪಿಸುತ್ತಾನೆ. ಯೆಹೂದಿ ಗುರುಗಳ ಮಿದ್ರಾಶ್ ಎಂಬ ವ್ಯಾಖ್ಯಾನ ಪರಂಪರೆಯಂತೂ ಇಂಥ ಖಾಲಿ ಜಾಗಗಳನ್ನು ತುಂಬುವ ಕೆಲಸವನ್ನೇ ಮಾಡಿಕೊಂಡು ಬಂದಿದೆ. 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ದೊಡ್ಡ ವ್ಯಾಖ್ಯಾನಕಾರರು, ದೀನಳನ್ನು ‘ಲೇಯಳ ಮಗಳು’ ಎಂದು ಕರೆದದ್ದು ಯಾಕೆ ಎಂದು ಕೇಳಿಕೊಂಡು, ತಾಯಿಯ ಹಾಗೆ ಇವಳೂ ಹೊರಗೆ ಹೋಗುವವಳು ಅದಕ್ಕೆ ಎನ್ನುತ್ತಾರೆ. ಮನೆಯಲ್ಲಿ ಇದ್ದಿದ್ದರೆ ಹೀಗಾಗುತ್ತಿತ್ತಾ ಎಂಬ ಮಾತನ್ನು ನಾವು ಇವತ್ತಿಗೂ ಕೇಳುತ್ತಿದ್ದೇವಲ್ಲ, ಅದು ಎಷ್ಟು ಹಳೆಯದು ನೋಡಿ. ಇನ್ನೊಂದು ಯೆಹೂದಿ ಕಥೆ ಇದಕ್ಕಿಂತ ಮರುಕದ್ದು. ಐಗುಪ್ತದಲ್ಲಿ ಯಾಕೋಬನ ಮಗ ಯೋಸೇಫ ಮದುವೆಯಾದ ಆಸನತ್ ಬೇರೆ ಯಾರೂ ಅಲ್ಲ, ದೀನಳಿಗೆ ಶೆಕೆಮನಿಂದ ಹುಟ್ಟಿದ ಮಗಳು ಎನ್ನುತ್ತದೆ ಅದು. ಯಾರೋ ಆ ಕೂಸನ್ನು ಕೈಬಿಡಲು ಮನಸ್ಸಾಗದೆ ಈ ಕಥೆ ಕಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ.

ಕ್ರೈಸ್ತ ಸಭೆಯಲ್ಲೂ ಇದು ನಡೆದಿದೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳು ಎಂದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಪೋಪ್ ಗ್ರೆಗರಿ 591ರ ಒಂದು ಪ್ರಸಂಗದಲ್ಲಿ ಲೂಕನ ಸುವಾರ್ತೆಯ 7ನೇ ಅಧ್ಯಾಯದ ಪಾಪಿ ಹೆಂಗಸನ್ನೂ ಅವಳನ್ನೂ ಒಂದೇ ಮಾಡಿದರು. ಪಶ್ಚಿಮದ ಸಭೆ ಅದನ್ನೇ ನಂಬಿಕೊಂಡು ಬಂತು. ರೋಮನ್ ಕ್ಯಾಥೊಲಿಕ್ ಪಂಚಾಂಗದಲ್ಲಿ ಅದು ಸರಿಹೋದದ್ದು 1969ರಲ್ಲಿ. ಹೆಚ್ಚುಕಡಿಮೆ 1,400 ವರ್ಷ.

ಹಾಗಾಗಿ ಬದಲಾಯಿಸಿದರೋ ಇಲ್ಲವೋ ಎಂಬಲ್ಲಿಗೆ ನನ್ನ ಪ್ರಶ್ನೆ ನಿಲ್ಲುವುದಿಲ್ಲ. ಹೀಗೆ ಹೇಳಿದಾಗ ಆ ಹೆಣ್ಣಿಗೆ ಏನು ಸಿಕ್ಕಿತು, ಅವಳಿಂದ ಏನು ಹೋಯಿತು? ಅದು ನನ್ನ ಪ್ರಶ್ನೆ. ಈ ಕಣ್ಣಿನಿಂದ ನೋಡಿದರೆ ‘ದಿ ರೆಡ್ ಟೆಂಟ್’ ಬಗ್ಗೆ ನನಗೂ ಪೂರ್ತಿ ಸಮಾಧಾನ ಇಲ್ಲ.

ಸಿಕ್ಕಿದ್ದು ಬಹಳ ಇದೆ. ದೀನಳಿಗೆ ನಾಲ್ಕು ತಾಯಂದಿರು ಸಿಕ್ಕಿದರು. ಯಾಕೋಬನ ಹೆಂಡತಿಯರಾದ ಲೇಯ, ರಾಹೇಲ, ಜಿಲ್ಪ, ಬಿಲ್ಹ. ಮೂಲದಲ್ಲಿ ಅವರು ಗಂಡುಮಕ್ಕಳನ್ನು ಹೆರುವ ಪೈಪೋಟಿಯಲ್ಲೇ ಹೆಚ್ಚಾಗಿ ಕಾಣುತ್ತಾರೆ. ಇಲ್ಲಿ ಅಡುಗೆ ಮಾಡುತ್ತಾರೆ, ನೂಲುತ್ತಾರೆ, ಜಗಳವಾಡುತ್ತಾರೆ, ಹೆರಿಗೆ ನೋಡುತ್ತಾರೆ. ದೀನ ಐಗುಪ್ತಕ್ಕೆ ಹೋಗಿ ಸೂಲಗಿತ್ತಿಯಾಗುತ್ತಾಳೆ. ಬೆಂಗಳೂರಿನ ಒಬ್ಬ ನರ್ಸ್ ನಮಗೆ ಬರೆದಿದ್ದಾರೆ. 30 ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು. ನನ್ನ ಕೆಲಸವನ್ನು ಇಷ್ಟು ಗೌರವದಿಂದ ಬರೆದ ಪುಸ್ತಕ ಇನ್ನೊಂದು ಓದಿಲ್ಲ ಎಂದಿದ್ದಾರೆ. ಅಮೆರಿಕದಲ್ಲೂ ಈ ಪುಸ್ತಕ ಮೊದಲು ಹೆಚ್ಚು ಮಾರಾಟವಾಗಿರಲಿಲ್ಲ. ಮಹಿಳಾ ರಬ್ಬಿಗಳಿಗೆ ಪ್ರತಿಗಳನ್ನು ಕಳಿಸಿದ ಮೇಲೆ, ಅವರ ಸಭೆಗಳಲ್ಲಿ ಮತ್ತು ಹೆಂಗಸರ ಓದುಗುಂಪುಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಅಂದರೆ ಇದನ್ನು ಎತ್ತಿ ಹಿಡಿದವರಲ್ಲಿ ಧರ್ಮಗುರುಗಳೂ ಇದ್ದರು.

ಹೋದದ್ದು? ಕಾದಂಬರಿಯಲ್ಲಿ ಅತ್ಯಾಚಾರ ಇಲ್ಲ. ಆ ರಾಜಕುಮಾರನನ್ನು ದೀನ ಪ್ರೀತಿಸುತ್ತಾಳೆ. ಅಣ್ಣಂದಿರು ಕೊಲ್ಲುವುದು ಅವಳು ಮೆಚ್ಚಿದ ಗಂಡನನ್ನು. ಇದಕ್ಕೆ ಒಂದಿಷ್ಟು ಆಧಾರ ಇದೆ ಎನ್ನುವ ವಿದ್ವಾಂಸರೂ ಇದ್ದಾರೆ. ಆದಿಕಾಂಡ 34ರ 2ನೇ ವಚನದಲ್ಲಿ ‘ಕೆಡಿಸಿದ’ ಎನ್ನುವಲ್ಲಿರುವ ಹೀಬ್ರೂ ಕ್ರಿಯಾಪದದ ಮೇಲೆ ಅವರ ಚರ್ಚೆ ನಡೆದೇ ಇದೆ. ಆದರೆ ತಾಮಾರಳ ಕಥೆಯಲ್ಲೂ ಅದೇ ಪದ ಬರುತ್ತದೆ. ಒಡತಿ ಸಾರಯಳು ಹಾಗರಳನ್ನು ಹಿಂಸಿಸಿದಳು ಎನ್ನುವಲ್ಲೂ ಅದೇ ಪದ. ನನಗೆ ಅದನ್ನು ಪ್ರೀತಿ ಎಂದು ಓದಲು ಆಗುವುದಿಲ್ಲ.

ನಮಗೆ ಬಂದ ಕಾಗದಗಳಲ್ಲಿ ಒಂದು ತೀರಾ ಚಿಕ್ಕದು. ಊರು, ಹೆಸರು ಯಾವುದೂ ಇಲ್ಲ. ಅದರಲ್ಲಿರುವುದು ಇಷ್ಟೇ: ‘ಅವಳಿಗೆ ಆದದ್ದು ನನಗೂ ಆಗಿದೆ. ಸತ್ಯವೇದದಲ್ಲಿ ಅದನ್ನು ಆಯಿತು ಎಂದು ಬರೆದಿದ್ದಾರೆ. ನೀವು ಹೊಗಳಿದ ಪುಸ್ತಕ ಅದು ಆಗಲೇ ಇಲ್ಲ ಅನ್ನುತ್ತದೆ.’ ಟೀಚರ್, ನಿಮ್ಮ ಆಕ್ಷೇಪಕ್ಕಿಂತ ಈ ಆಕ್ಷೇಪ ದೊಡ್ಡದು ಎಂದು ನನಗೆ ಅನ್ನಿಸಿದೆ. ನೀವು ಪಿತೃಗಳ ಮರ್ಯಾದೆಯ ಬಗ್ಗೆ ಕೇಳಿದಿರಿ. ಇವರು ದೀನಳ ಬಗ್ಗೆ ಕೇಳಿದರು. ಅವಳಿಗೆ ದನಿ ಕೊಡುವ ಭರದಲ್ಲಿ ಅವಳ ಗಾಯವನ್ನೇ ಅಳಿಸಿಬಿಟ್ಟರೆ ಆ ದನಿ ಏನು ಹೇಳಬೇಕು? ನಮ್ಮ ಪರಿಚಯ ಲೇಖನದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಓದುಗರಲ್ಲಿ ನಾನು ಕ್ಷಮೆ ಕೇಳುತ್ತೇನೆ.

ಇನ್ನೊಂದು ತಪ್ಪೂ ನಮ್ಮದೇ. ಮುಟ್ಟಿನ ದಿನಗಳಲ್ಲಿ ಹೆಂಗಸರು ಸೇರುವ ಕೆಂಪು ಡೇರೆ ಬೈಬಲಿನ ಕಾಲದ ಪದ್ಧತಿ ಎಂದು ಬರೆದೆವು. ಆ ಡೇರೆ ಬೈಬಲಿನಲ್ಲಿ ಇಲ್ಲ, ಲೇಖಕಿಯ ಕಲ್ಪನೆ. ಆದಿಕಾಂಡದಲ್ಲಿ ಇರುವುದು ರಾಹೇಲಳ ಪ್ರಸಂಗ. ಅಪ್ಪನ ಮನೆದೇವರ ವಿಗ್ರಹಗಳನ್ನು ಒಂಟೆಯ ತಡಿಯಲ್ಲಿ ಅಡಗಿಸಿ ಅದರ ಮೇಲೆ ಕೂತು, ಮುಟ್ಟಾಗಿದ್ದೇನೆ, ಏಳಲಾರೆ ಎಂದು ಅಪ್ಪನಿಗೆ ಹೇಳುತ್ತಾಳಲ್ಲ, ಅದು.

ಕಾದಂಬರಿಯಲ್ಲಿ ಆ ಡೇರೆ ಹಾಡು, ಕಥೆ, ವಿಶ್ರಾಂತಿಯ ಜಾಗ. ಅಮೆರಿಕದ ಎಷ್ಟೋ ಹೆಂಗಸರು ಅದನ್ನು ಓದಿ ಆಸೆಪಟ್ಟರು. ಚಿತ್ರದುರ್ಗ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಯಲ್ಲಿ ಬೆಳೆದ ಒಬ್ಬ ಉಪನ್ಯಾಸಕಿ ಬೇರೆ ರೀತಿ ಓದಿದ್ದಾರೆ. ಮುಟ್ಟಾದಾಗ, ಬಾಣಂತನದಲ್ಲಿ, ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇದ್ದ ತಾಯಿಯನ್ನು ಅವರು ಕಂಡಿದ್ದಾರೆ. ‘ಮಳೆಗೆ ಸೋರುವ ಗುಡಿಸಲಲ್ಲಿ ಅಮ್ಮ ಹಾಡಿದ್ದು ನಾನು ಕೇಳಿಲ್ಲ. ಆದರೂ ಪುಸ್ತಕ ಕೆಳಗಿಡಲು ಆಗಲಿಲ್ಲ’ ಎಂದು ಬರೆದಿದ್ದಾರೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಬರೆದದ್ದಕ್ಕೆ ನಾನು ಅವರಿಗೆ ಋಣಿ.

ನಿಮ್ಮ ಕೊನೆಯ ಪ್ರಶ್ನೆಗೆ ಬಂದೆ. ಮೊದಲು ನಾನು ಪಂಪನನ್ನು ಮುಂದಿಟ್ಟು ಉತ್ತರ ಬರೆಯಲು ಹೊರಟಿದ್ದೆ. 10ನೇ ಶತಮಾನದಲ್ಲಿ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ ಕವಿ ಅವನು. ಕನ್ನಡಿಗರು ಅವನನ್ನು ಆದಿಕವಿ ಎಂದು ತಲೆಯ ಮೇಲೆ ಹೊತ್ತರು. ನಮ್ಮಲ್ಲಿ ಇದು ನಡೆದುಬಂದದ್ದೇ ಎಂದು ಹೇಳಿ ಮುಗಿಸಬಹುದಿತ್ತು. ಬರೆಯುತ್ತಾ ನಿಲ್ಲಿಸಿದೆ. ಪಂಪನನ್ನು ಓದಿದವರಿಗೆ ಐವರ ಹೆಂಡತಿಯಾದ ದ್ರೌಪದಿ ಮೊದಲೇ ಗೊತ್ತಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲವರು ಅವರು. ನಮ್ಮ ಎಷ್ಟೋ ಓದುಗರಿಗೆ ದೀನ ಮೊದಲು ಸಿಕ್ಕಿದ್ದೇ ನಮ್ಮ ಪುಟದಲ್ಲಿ, ಅದೂ ‘ದೀನಳ ನಿಜವಾದ ಕಥೆ’ ಎಂಬ ತಲೆಬರಹದ ಕೆಳಗೆ. ಆ ತಲೆಬರಹ ಕೊಟ್ಟದ್ದು ನಾನು. ಕಾದಂಬರಿಯನ್ನು ನಿಜವಾದ ಕಥೆ ಎಂದು ಕರೆದದ್ದು ತಪ್ಪು. ನಿಮಗೆ ನೋವಾದದ್ದು ನ್ಯಾಯವೇ. ಪುಸ್ತಕದ ಪರಿಚಯ ಹಾಕಿದ್ದು ತಪ್ಪು ಎಂದು ಮಾತ್ರ ನಾನು ಒಪ್ಪುವುದಿಲ್ಲ.

ಬರುವ ಸಂಚಿಕೆಯಲ್ಲಿ ನಿಮ್ಮ ಕಾಗದ, ನರ್ಸ್ ಅವರದು, ಉಪನ್ಯಾಸಕಿಯವರದು, ಹೆಸರಿಲ್ಲದ ಆ ಚಿಕ್ಕ ಕಾಗದ, ನಾಲ್ಕನ್ನೂ ಪೂರ್ತಿ ಹಾಕುತ್ತೇವೆ. ಅವುಗಳ ಮೇಲೆ ಆದಿಕಾಂಡ 34 ಪೂರ್ತಿ ಇರುತ್ತದೆ.

ಕಾಗದದ ಕೊನೆಗೆ ನೀವು ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀರಿ. ‘ಇಷ್ಟು ವರ್ಷದ ಸಂಡೆ ಸ್ಕೂಲಿನಲ್ಲಿ 33ರಿಂದ 35ಕ್ಕೆ ಹೋಗುತ್ತಿದ್ದೆ, 34 ಓದಿಸಲು ಬಾಯಿ ಬರಲಿಲ್ಲ.’ ದೊಡ್ಡ ಹುಡುಗಿಯರ ತರಗತಿಗೆ ಈಗ ಅದನ್ನು ಓದಿಸಬೇಕಾಗಿ ಬಂದರೆ ಹೇಗೆ ಶುರು ಮಾಡುತ್ತೀರಿ, ಟೀಚರ್? ಅದನ್ನು ಬರೆದು ಕಳಿಸಿ. ಎರಡು ಪುಟ ಬಿಟ್ಟಿರುತ್ತೇನೆ. 10ನೇ ತಾರೀಕಿನ ಒಳಗೆ ಕೈಸೇರಿದರೆ ಸಾಕು.

ನಿಮ್ಮ,
ಸಂಪಾದಕ