ಹತ್ತಿರದವರು ತೀರಿಕೊಂಡಾಗ ಸಾವಿನ ಕವಿತೆ ಓದಿದರೆ ಸಮಾಧಾನ ಸಿಗುತ್ತಾ?

ಸಿಗುತ್ತದೆ, ಆದರೆ ತಕ್ಷಣ ಅಲ್ಲ. ದುಃಖದಲ್ಲಿರುವವರಿಗೆ ಸುತ್ತಲಿನವರು ಹೇಳುವುದು ಒಂದೇ ಮಾತು: ‘ಹುಟ್ಟಿದವರು ಸಾಯಲೇಬೇಕು, ಧೈರ್ಯ ತಗೊಳ್ಳಿ.’ ಮಾತೇನೋ ನಿಜ. ಆ ಹೊತ್ತಿಗೆ ಅದು ಒಳಗೆ ಇಳಿಯುವುದೇ ಇಲ್ಲ, ಅಲ್ವಾ? ಒಳ್ಳೆಯ ಕವಿಗಳು ಈ ಅವಸರ ಮಾಡುವುದಿಲ್ಲ. ನಾನು ಅವರನ್ನು ನಂಬುವುದು ಅದಕ್ಕೇ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೇಳಿರುತ್ತೀರಿ. ಪ್ರೇಮಗೀತೆ ಅಂದುಕೊಂಡು ಗುನುಗುವವರೂ ಇದ್ದಾರೆ. ಅದು ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು. ಬೇಂದ್ರೆ ದಂಪತಿ ಹಲವು ಮಕ್ಕಳನ್ನು ಕಳೆದುಕೊಂಡವರು. ಹೆಂಡತಿಯ ಕಣ್ಣು ಕಂಡು ಅವನಿಗೆ ದಿಗಿಲಾಗುತ್ತದೆ, ಹುಣ್ಣಿಮೆ ಚಂದ್ರನ ಹೆಣ ಹಗಲಲ್ಲಿ ತೇಲಿಬಂದಂತೆ ಅನ್ನಿಸುತ್ತದೆ. ಕೊನೆಗೂ ಅವನು ಧೈರ್ಯ ಹೇಳುವುದಿಲ್ಲ. ಅಳುವುದಿದ್ದರೆ ಅತ್ತುಬಿಡು, ನಕ್ಕು ಯಾಕೆ ದುಃಖ ಮರೆಸುತ್ತೀ, ತುಟಿ ಕಚ್ಚಿ ಬಿಕ್ಕು ತಡೆಯಬೇಡ ಅನ್ನುತ್ತಾನೆ. ಇಷ್ಟು ಹೇಳುವವರು ಒಬ್ಬರು ಸಿಕ್ಕರೂ ಸಾಕು ಅನ್ನಿಸುತ್ತದೆ ನನಗೆ.

ಸಾವಿರ ವರ್ಷದ ಹಿಂದೆ ರನ್ನನೂ ಇದನ್ನೇ ಮಾಡಿದ. ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಮಗ ಲಕ್ಷಣನ ಹೆಣದ ಮುಂದೆ ನಿಲ್ಲುತ್ತಾನೆ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಈಗ ನಿನಗೆ ನಾನು ಬಿಡುವಂತಾಯಿತಲ್ಲ, ಕ್ರಮವನ್ನೇ ತಿರುಗಾಮುರುಗಾ ಮಾಡಿದೆಯಲ್ಲ ಅನ್ನುತ್ತಾನೆ. ಎಂಥಾ ಹಟಮಾರಿ ರಾಜ! ಅಲ್ಲಿ ಬರೀ ಅಪ್ಪ.

ಹಾಗಾದರೆ ಒಪ್ಪಿಕೊಳ್ಳುವುದು ಯಾವಾಗ? ಮೂರೇ ಸಾಲಿನ ಹೈಕು ಬರೆಯುತ್ತಿದ್ದ ಜಪಾನಿನ ಕವಿ ಇಸ್ಸಾ 1819ರಲ್ಲಿ ಪುಟ್ಟ ಮಗಳನ್ನು ಸಿಡುಬಿನಿಂದ ಕಳೆದುಕೊಂಡ. ಈ ಲೋಕ ಇಬ್ಬನಿಯಂಥದ್ದು ಅಂತ ಅವನಿಗೆ ಗೊತ್ತು, ಹಾಗೇ ಬರೆಯುತ್ತಾನೆ. ಆದರೂ ಮನಸ್ಸು ಒಪ್ಪಲಿಲ್ಲ ಅನ್ನುವುದನ್ನೂ ಅದೇ ಮೂರು ಸಾಲಿನಲ್ಲಿ ಬಿಟ್ಟುಹೋಗಿದ್ದಾನೆ. ನನ್ನ ಪ್ರಕಾರ ಒಪ್ಪಿಗೆ ಅಂದರೆ ಇಷ್ಟೇ: ಗೊತ್ತಿರುವುದು, ಒಪ್ಪದಿರುವುದು ಎರಡೂ ಒಟ್ಟಿಗೇ ಇರುತ್ತವೆ. ಒಂದು ಇನ್ನೊಂದನ್ನು ಓಡಿಸಬೇಕಾಗಿಲ್ಲ.

ನಮ್ಮದೇ ಸಾವಿನ ಮಾತು ಬೇರೆ. ಅದಕ್ಕೆ ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ವಚನ ಓದಿ. ಹಲ್ಲು ಹೋಗುವುದು, ಬೆನ್ನು ಬಾಗುವುದು, ಕೋಲು ಹಿಡಿಯುವುದು, ಎಲ್ಲವನ್ನೂ ನೇರವಾಗಿ ಹೇಳಿ, ಅದಕ್ಕೆಲ್ಲ ಮುಂಚೆ ಕೂಡಲಸಂಗಮದೇವನನ್ನು ಪೂಜಿಸು ಅನ್ನುತ್ತದೆ.

ದುಃಖ ಹಸಿ ಇರುವಾಗ ಈ ವಚನ ಓದಬೇಡಿ. ಮೊದಲು ಬೇಂದ್ರೆ. ಸುಮ್ನೆ ಕಣ್ಣಾಡಿಸದೆ, ಬಾಯಿಬಿಟ್ಟು ಓದಿ. ಅಳು ಬಂದರೆ ಅಲ್ಲೇ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ದಿನ ಓದಬಹುದು.