ಅಜ್ಜನ ದಿನಚರಿಯಲ್ಲಿ ಬರೆಯುವಂಥದ್ದೇನಿದೆ?

ಪ್ರಶ್ನೆ: ನಮ್ಮ ಅಜ್ಜ ಹಿಂದೆ ಪಂಚಾಯತು ಅಧ್ಯಕ್ಷರಾಗಿದ್ದವರು. ಈಗಿನ ಅವರ ದಿನಚರಿ ಬರೆದಿಡುವ ಆಸೆ ನನಗೆ. ‘ಮಾಜಿ ಆದವರದ್ದು ಬರೆಯಲಿಕ್ಕೆ ಏನಿದೆ?’ ಎನ್ನುತ್ತಾರೆ ಮನೆಯವರು. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು (ಕೇರಳ)

ಉತ್ತರ: ಖಂಡಿತ ಬರೆಯಿರಿ. ಅಮೆರಿಕದ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದದ್ದು ನಾಲ್ಕೇ ವರ್ಷ. 1981ರಲ್ಲಿ ತಮ್ಮ ಪುಟ್ಟ ಊರು ಪ್ಲೇನ್ಸ್‌ಗೆ ಮರಳಿದರು. ಆಮೇಲೆ 43 ವರ್ಷಕ್ಕೂ ಜಾಸ್ತಿ ಬದುಕಿದರು. ಮರಗೆಲಸ ಮಾಡಿದರು, ಭಾನುವಾರ ಚರ್ಚಿನಲ್ಲಿ ಪಾಠ ಹೇಳಿದರು, ಬಡವರಿಗೆ ಮನೆ ಕಟ್ಟಿದರು. 2019ರಲ್ಲಿ, 95 ತುಂಬಿದ ಮೇಲೆ, ಮನೆಯಲ್ಲಿ ಬಿದ್ದು 14 ಹೊಲಿಗೆ ಹಾಕಿಸಿಕೊಂಡರು. ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು. ಮರುದಿನ ನ್ಯಾಶ್‌ವಿಲ್‌ನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹಾಜರ್! ಆ ಫೋಟೊ ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ನನ್ನ ದೊಡ್ಡಪ್ಪನೂ ಪಂಚಾಯತು ಅಧ್ಯಕ್ಷರಾಗಿದ್ದವರೇ. ಅಧಿಕಾರ ಹೋಗಿ ಎಷ್ಟೋ ವರ್ಷವಾದರೂ ಬೆಳಗ್ಗೆ ಜಗಲಿಯಲ್ಲಿ ಜನ ಇರುತ್ತಿದ್ದರು. ಕಚೇರಿಯಿಂದ ಬಂದ ಮಲಯಾಳ ಕಾಗದ ಓದಿಸಿಕೊಳ್ಳಬೇಕಲ್ವಾ? ದೊಡ್ಡಪ್ಪ ಅಡಿಕೆ ಸುಲಿಯುವುದನ್ನು ನಿಲ್ಲಿಸಿ, ಕೈ ಮುಂಡಿಗೆ ಒರೆಸಿ, ಕನ್ನಡಕ ಹುಡುಕುತ್ತಿದ್ದರು. ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡುತ್ತಿದ್ದರು. ಅಂಥ ಒಂದು ಕಾಗದವೂ ನಮ್ಮಲ್ಲಿ ಉಳಿದಿಲ್ಲ. ಆ ನೋವು ನನಗೆ ಇನ್ನೂ ಇದೆ.

ಸಂದರ್ಶನ ಅಂತ ಎದುರು ಕೂರಿಸಬೇಡಿ, ಮಾತು ಬಿಗಿಯಾಗುತ್ತದೆ. ಸುಮ್ನೆ ಪಕ್ಕದಲ್ಲಿ ಕೂತು ನೀವೂ ಅಡಿಕೆ ಸುಲಿಯಿರಿ. ಯಾರು ಬಂದರು, ಏನು ಕೇಳಿದರು, ಅಜ್ಜ ಏನಂದರು, ಎಲ್ಲವನ್ನೂ ರಾತ್ರಿ ತಾರೀಕು ಹಾಕಿ ಬರೆಯಿರಿ. ಬಂದವರ ಕಷ್ಟ ಬರೆಯುವಾಗ ಹೆಸರು ಬೇಡ. ಫೋನಿನಲ್ಲಿ ಧ್ವನಿಯನ್ನೂ ಹಿಡಿದಿಡಿ, ಆದರೆ ಅಜ್ಜನಿಗೆ ಹೇಳಿಯೇ. ಮೊದಲ ಪುಟಕ್ಕೆ ನಾಳೆ ಬೆಳಗ್ಗಿನ ಚಹಾದ ಹೊತ್ತು ಸಾಕು.